ಹಕ್ಕಿ ನೋಡಲು ರೈಫಲ್ ಸ್ಕೋಪ್ ಆಗುತ್ತದೆಯೇ?

ಪ್ರಶ್ನೆ: ಮಂಡಗದ್ದೆಯ ಹಕ್ಕಿಗಳನ್ನೂ ಭದ್ರಾ ಹಿನ್ನೀರಿನ ರಿವರ್ ಟರ್ನ್‌ಗಳನ್ನೂ ಚೆನ್ನಾಗಿ ನೋಡುವ ಆಸೆ ಇದೆ. ಏರ್‌ಗನ್‌ಗೆ ಹಾಕುವ 3-9×40 ಸ್ಕೋಪ್ ಕಡಿಮೆ ಬೆಲೆಗೆ ಸಿಗುತ್ತಿದೆ. ಅದನ್ನೇ ಕೊಳ್ಳಲೇ, ಬೈನಾಕ್ಯುಲರ್ ತೆಗೆದುಕೊಳ್ಳಲೇ? ಈ ಅಂಕಿಗಳ ಅರ್ಥವೇನು?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಬೈನಾಕ್ಯುಲರ್ ತೆಗೆದುಕೊಳ್ಳಿ, 8×42 ಆದರೆ ಉತ್ತಮ.

ಅಂಕಿಗಳ ಲೆಕ್ಕ ಎರಡಕ್ಕೂ ಒಂದೇ. 3-9×40 ಎಂದರೆ ನೋಟವನ್ನು 3ರಿಂದ 9 ಪಟ್ಟು ಹಿಗ್ಗಿಸಬಹುದು, ಮುಂದಿನ ಮಸೂರದ ವ್ಯಾಸ 40 ಮಿ.ಮೀ. 8×42ರಲ್ಲಿ 8 ಪಟ್ಟು, 42 ಮಿ.ಮೀ. ವ್ಯತ್ಯಾಸ ಇರುವುದು ಉಪಯೋಗದಲ್ಲಿ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಕಣ್ಣಿಗೆ ಪೆಟ್ಟಾಗದಿರಲಿ ಎಂದು ರೈಫಲ್ ಸ್ಕೋಪನ್ನು ಮೂರು–ನಾಲ್ಕು ಅಂಗುಲ ದೂರದಿಂದ ನೋಡುವಂತೆ ಮಾಡಿರುತ್ತಾರೆ. ಕೈಯಲ್ಲಿ ಹಿಡಿದರೆ ಆ ಅಂತರ ನಿಲ್ಲದು, ಚಿತ್ರ ಕಪ್ಪಾಗಿ ಮಾಯವಾಗುತ್ತದೆ. ಕಾಣುವ ಜಾಗವೂ ಕಿರಿದು, ನಡುವೆ ಗುರಿಯ ಗೆರೆಗಳು ಬೇರೆ. ಹಾರುವ ಹಕ್ಕಿಯನ್ನು ಅದರಲ್ಲಿ ಹಿಂಬಾಲಿಸುವುದು ಬಹಳ ಕಷ್ಟ.

ಹೆಚ್ಚು ಪಟ್ಟು ಹಿಗ್ಗಿಸುವುದೇ ಒಳ್ಳೆಯದೆಂಬ ನಂಬಿಕೆ ಬೇಡ. ಹಕ್ಕಿಯ ಜೊತೆಗೆ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಲಕ್ಕವಳ್ಳಿಯ ಕಡೆಯಿಂದ ಭದ್ರಾ ಹಿನ್ನೀರಿಗೆ ಹೋಗುವ ದೋಣಿಯಲ್ಲಿ ಕೂತು ನೋಡುವಾಗ 8 ಪಟ್ಟಿನದ್ದು 10ರದ್ದಕ್ಕಿಂತ ಸ್ಥಿರವಾಗಿ ನಿಲ್ಲುತ್ತದೆ.

ಇನ್ನು ಬೆಳಕು. ಮಸೂರದ ವ್ಯಾಸವನ್ನು ಪಟ್ಟಿನಿಂದ ಭಾಗಿಸಿ: 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ಸೇರುವ ಬೆಳಕಿನ ಕಂಬದ ದಪ್ಪ ಅಷ್ಟು ಮಿ.ಮೀ. ಕಿಸೆಯಲ್ಲಿ ಹಿಡಿಯುವ 10×25ರಲ್ಲಿ ಅದು ಬರೀ 2.5. ಬಿಸಿಲಿನಲ್ಲಿ ನಮ್ಮ ಕಣ್ಣಪಾಪೆ ಕಿರಿದಾಗುವುದರಿಂದ ಅದೂ ಸಾಲುತ್ತದೆ. ಆದರೆ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಮೋಡ ಮುಚ್ಚಿದ ಆ ಮಂಕು ಬೆಳಕಿನಲ್ಲಿ ಪಾಪೆ ಅಗಲವಾಗುತ್ತದೆ. ಆಗ 42ರ ಮಸೂರದ ಬೆಲೆ ತಿಳಿಯುತ್ತದೆ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಬೈನಾಕ್ಯುಲರನ್ನು ಕೈಚಾಚಿ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ (ಸೂರ್ಯನ ಕಡೆಗೆ ಎಂದಿಗೂ ಬೇಡ). ಕಣ್ಣಿಡುವ ಗಾಜಿನಲ್ಲಿ ಕಾಣುವ ಬೆಳಕಿನ ಚುಕ್ಕೆ ದುಂಡಗಿರಬೇಕು. ಅಂಚು ಕತ್ತರಿಸಿದಂತಿದ್ದರೆ ಒಳಗಿನ ಪ್ರಿಸಂ ಕಳಪೆ. ಕನ್ನಡಕ ಹಾಕುವವರಾದರೆ ಹಾಕಿಕೊಂಡೇ ನೋಡಿ, ನೋಟ ಪೂರ್ತಿ ಕಾಣಬೇಕು. ನೀರು ನುಗ್ಗದ, ನೈಟ್ರೋಜನ್ ತುಂಬಿದ ಮಾಡೆಲ್ ಆದರೆ ಒಳಗಾಜು ಮಂಜಾಗದು. ಮಲೆನಾಡಿನ ತೇವಕ್ಕೆ ಮಸೂರದ ಮೇಲೆ ಬೂಸ್ಟು ಹಿಡಿಯುತ್ತದೆ. ಮನೆಯಲ್ಲಿ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ರಿವರ್ ಟರ್ನ್‌ಗಳು ಬೇಸಿಗೆಯ ಕಡೆಗೆ ನೀರಿಳಿದು ಎದ್ದ ನಡುಗಡ್ಡೆಗಳ ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ಜನ ಹತ್ತಿರ ಬಂದರೆ ತಾಯಿಹಕ್ಕಿ ಎದ್ದು ಹಾರುತ್ತದೆ, ಮೊಟ್ಟೆ ಸುಡುಬಿಸಿಲಿಗೆ ಬೀಳುತ್ತದೆ. ಒಳ್ಳೆಯ ಬೈನಾಕ್ಯುಲರ್‌ಗೆ ಹಣ ಹಾಕಬೇಕೆನ್ನಲು ನನಗಿರುವ ದೊಡ್ಡ ಕಾರಣ ಇದೇ: ಅದು ಕೈಲಿದ್ದರೆ ದೋಣಿಯನ್ನು ಇನ್ನಷ್ಟು ಹತ್ತಿರ ಒಯ್ಯಿ ಎಂದು ನೀವು ಕೇಳಬೇಕಾಗಿಲ್ಲ.