ತಟ್ಟೆಯೊಳಗಿನ ದನಿ

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ರೈತನೊಬ್ಬನ ಮನೆಯಲ್ಲಿ ಮಗಳ ಮದುವೆಯ ಡಿಸ್ಕೊಂದು ಜೋಪಾನವಾಗಿತ್ತು. ಗತಿಸಿದ ಅಜ್ಜಿಯು ಹಾಡಿದ ಸೋಬಾನೆ ಪದಗಳು ಅದರಲ್ಲಿದ್ದವು. ಹಳೆಯ ಪ್ಲೇಯರು ಕೆಟ್ಟ ಮೇಲೆ ಆ ದನಿಯು ಮನೆಯವರಿಗೆ ಕೇಳದಾಯಿತು. ರಾಗಿ ಮಾರಿದ ಹಣದಲ್ಲಿ ಸ್ವಲ್ಪವನ್ನು ತೆಗೆದಿರಿಸಿ ತಂದೆ ಮಗ ಇಬ್ಬರೂ ಕಡೂರಿಗೆ ಹೊರಟರು.

ದನಿಯನ್ನು ತಟ್ಟೆಯಲ್ಲಿ ಹಿಡಿದಿಡುವ ವಿದ್ಯೆ ಹಳೆಯದು. 1887ರಲ್ಲಿ ಗ್ರಾಮಾಫೋನಿಗೆ ಹಕ್ಕುಪತ್ರ ಪಡೆದ ಎಮಿಲ್ ಬರ್ಲಿನರನು ತಟ್ಟೆಯನ್ನು ಬಳಕೆಗೆ ತಂದನು. ಅದರ ಗೆರೆಗಳಲ್ಲಿ ಮುಳ್ಳು ಓಡಿದಾಗ ನಾದ ಹೊಮ್ಮುತ್ತಿತ್ತು. 1982ರಲ್ಲಿ ಮಾರಾಟಕ್ಕೆ ಬಂದ, 12 ಸೆಂಟಿಮೀಟರು ಅಗಲದ ಸಿ.ಡಿ.ಯನ್ನಾದರೋ ಲೇಸರ್ ಕಿರಣವು ಮುಟ್ಟದೆಯೇ ಓದುತ್ತದೆ.

ಅಂಗಡಿಯಲ್ಲಿ ದೊಡ್ಡ ಸ್ಪೀಕರುಗಳುಳ್ಳ ಯಂತ್ರವನ್ನು ಕಂಡು ಮಗನು ಆಸೆಪಟ್ಟನು. ತಂದೆಯು, "ಮಗಾ, ನಮಗೆ ಬೇಕಾದುದು ನಮ್ಮ ತಟ್ಟೆಯನ್ನು ಓದುವ ಯಂತ್ರ. ಮಿಕ್ಕ ಹಣ ಬಿತ್ತನೆಗೆ ಬೇಕು" ಎಂದನು. ಬಳಿಕ ಅಗ್ಗದ ಡಿ.ವಿ.ಡಿ. ಪ್ಲೇಯರುಗಳನ್ನು ನೋಡಿದರು. ಮನೆಯ ಟಿ.ವಿ.ಯ ಹಿಂದಿರುವಂತೆ ಚಿತ್ರಕ್ಕೆ ಹಳದಿ, ದನಿಗೆ ಬಿಳಿ ಮತ್ತು ಕೆಂಪು ರಂಧ್ರಗಳು ಇವೆಯೇ ಎಂದು ಪರೀಕ್ಷಿಸಿದರು. ಮನೆಯಿಂದ ತಂದಿದ್ದ ಡಿಸ್ಕನ್ನು ಹಾಕಿಸಿದರು. ಮೊದಲ ಯಂತ್ರವು ಅದನ್ನು ಓದಲಿಲ್ಲ, ಎರಡನೆಯದು ಓದಿತು. ಅಂಗಡಿಯ ಗದ್ದಲದ ನಡುವೆ ಅಜ್ಜಿಯ ಕಂಠ ಕೇಳಿಬಂದಾಗ ಇಬ್ಬರೂ ಮಾತಿಲ್ಲದೆ ನಿಂತರು.

ಗೀರಿಗೂ ಕಾಲಕ್ಕೂ ಸಿಕ್ಕಿ ತಟ್ಟೆಯೂ ಕೆಡಬಹುದು. ಅದನ್ನರಿತ ಮಗನು ಡಿಸ್ಕಿನ ಪ್ರತಿಯೊಂದನ್ನು ಮಾಡಿಸಿದನು. ವಸ್ತುವನ್ನು ಕೊಳ್ಳುವಾಗ ಬೆಲೆಗಿಂತ ಮೊದಲು ನಮ್ಮ ಅಗತ್ಯವನ್ನು ಅರಿಯುವುದೇ ವಿವೇಕ.