ಬಂಡೆ ಸಿಡಿಸುವ ಮದ್ದು

ಬಾವಿ ತೋಡುವಾಗ ಮೊದಲು ಮಣ್ಣು, ಆಮೇಲೆ ಗರಸು, ಅದರ ಕೆಳಗೆ ಬಂಡೆ. ಹಾರೆ ಸುತ್ತಿಗೆಗಳು ಸೋತ ಮೇಲೆ ಮದ್ದು ಇಡುವವರಿಗೆ ಹೇಳಿಕಳಿಸುತ್ತೇವೆ. ಈ ಮದ್ದಿನ ಗುಣವೇನೆಂಬುದನ್ನು ರೈತ ಬಾಂಧವರು ತಿಳಿದಿರುವುದು ಅವಶ್ಯಕ.

ಎಲ್ಲಕ್ಕೂ ಹಳೆಯದು ಕರಿಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಈ ಪುಡಿ ಸಾವಿರ ವರ್ಷಗಳಿಗೂ ಹಿಂದೆ ಚೀನಾ ದೇಶದಲ್ಲಿ ಹುಟ್ಟಿತು. ಬಯಲಿನಲ್ಲಿ ಹಚ್ಚಿದರೆ ಬುಸ್ಸೆಂದು ಉರಿದುಹೋಗುವುದು. ಮುಚ್ಚಿದ ಕಡೆ ಹಚ್ಚಿದರೆ ಬಿಸಿ ಅನಿಲವು ದಾರಿ ಕಾಣದೆ ಗೋಡೆಯನ್ನೇ ಒಡೆಯುವುದು, ಇಲ್ಲವೆ ಗುಂಡನ್ನು ತಳ್ಳುವುದು. ಹೈದರ್ ಮತ್ತು ಟಿಪ್ಪುವಿನ ಸೈನ್ಯದವರು ಇದನ್ನು ಕಬ್ಬಿಣದ ಕೊಳವೆಗೆ ತುಂಬಿ ಬಾಣ ಹಾರಿಸಿದರು. ಹೆಚ್ಚಿನ ಒತ್ತಡವನ್ನು ಕಬ್ಬಿಣ ತಾಳಿದ್ದರಿಂದ ಬಾಣ ದೂರ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ಬಾಣಗಳನ್ನು ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಕಾಂಗ್ರೀವ್ ಎಂಬಾತನು ಇವುಗಳ ಜಾಡಿನಲ್ಲೇ ತನ್ನ ರಾಕೆಟ್ಟನ್ನು ರೂಪಿಸಿದನು.

1846ರಲ್ಲಿ ಇಟಲಿಯ ಸೊಬ್ರೆರೊ ನೈಟ್ರೊಗ್ಲಿಸರಿನ್ ಎಂಬ ಎಣ್ಣೆಯನ್ನು ಕಂಡುಹಿಡಿದನು. ಇದು ಉರಿಯುವ ಮದ್ದಲ್ಲ, ಒಮ್ಮೆಗೇ ಸಿಡಿಯುವ ಮದ್ದು. ಸ್ವಲ್ಪ ಕುಲುಕಿದರೂ ಅಪಾಯ. ಸ್ವೀಡನ್ನಿನ ಆಲ್ಫ್ರೆಡ್ ನೊಬೆಲ್‌ನ ತಮ್ಮ ಎಮಿಲ್ 1864ರಲ್ಲಿ ಇದರಿಂದಲೇ ಸತ್ತನು. ಆದರೂ ಅಣ್ಣ ಕೆಲಸ ಬಿಡಲಿಲ್ಲ. ಎಣ್ಣೆಯನ್ನು ಒಂದು ಬಗೆಯ ಹಗುರ ಮಣ್ಣಿಗೆ ಹೀರಿಸಿ 1867ರಲ್ಲಿ ಡೈನಮೈಟ್ ಮಾಡಿದನು. ಅದಕ್ಕೂ ಮೊದಲೇ, ಮುಖ್ಯ ಮದ್ದನ್ನು ಎಬ್ಬಿಸಲು ಚಿಕ್ಕದೊಂದು ಕೇಪನ್ನು ಬೇರೆಯಾಗಿ ರೂಪಿಸಿದ್ದನು. ನನ್ನ ಮಟ್ಟಿಗೆ ಈ ಕೇಪೇ ಅವನ ದೊಡ್ಡ ಯುಕ್ತಿ. ಮುಂದೆ ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು ಇಂಥ ಮದ್ದುಗಳ ಬಲದಿಂದ. ಯುದ್ಧದ ಗುಂಡುಗಳಿಗೆ ಟಿ.ಎನ್.ಟಿ. ಬಂದಿತು.

ಈಗಿನ ಕಲ್ಲುಗಣಿಗಳ ಮದ್ದಿನಲ್ಲಿ ಬಹುಪಾಲು ಅಮೋನಿಯಂ ನೈಟ್ರೇಟ್. ಗೊಬ್ಬರವಾಗಿಯೂ ಬಳಸುವ ವಸ್ತು ಇದು. ಬೈರೂತ್ ಬಂದರಿನಲ್ಲಿ 2020ರಲ್ಲಿ ಸಿಡಿದು 200ಕ್ಕೂ ಹೆಚ್ಚು ಜನರನ್ನು ಕೊಂದದ್ದೂ ಇದೇ. ನಮ್ಮಲ್ಲಿ 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು 6 ಜನ ಸತ್ತರು.

ಬಾವಿಯಲ್ಲಿ ಎಷ್ಟು ಕುಳಿ ತುಂಬಿದೆ, ಎಷ್ಟು ಸದ್ದು ಕೇಳಿತು ಎಂದು ಎಣಿಸಿರಿ. ಒಂದು ಕಡಿಮೆಯಾದರೂ ಕೂಡಲೇ ಇಳಿಯಕೂಡದು. ಅರ್ಧ ಗಂಟೆಯಾದರೂ ಕಾಯಬೇಕು. ಆಮೇಲೂ ಪರವಾನಗಿ ಇರುವ ಮದ್ದಿನವನೇ ನೋಡಬೇಕು. ಹಾರೆಯಿಂದ ಕೆದಕಿದರೆ ಕೇಪು ಸಿಡಿದೀತು. ಕೇಪೆಂದರೆ ಬೆರಳುದ್ದದ ಹೊಳೆಯುವ ಕೊಳವೆ. ಮಕ್ಕಳು ಆಟಕ್ಕೆ ಎತ್ತಿಕೊಳ್ಳುವುದು ಇದನ್ನೇ. ಹೊಲದಲ್ಲಿ ಕಂಡರೆ ಮುಟ್ಟದೆ, ದೂರದಲ್ಲಿ ಒಬ್ಬರನ್ನು ಕಾವಲಿಗೆ ನಿಲ್ಲಿಸಿ ಪೊಲೀಸ್ ಠಾಣೆಗೆ ತಿಳಿಸಬೇಕು.