ಹೊಟ್ಟೆಯಲ್ಲಿರುವ ಮಗುವಿಗೂ ಹೊಗೆ ತಟ್ಟುತ್ತದೆಯೇ?

ಪ್ರಶ್ನೆ: ನನಗೀಗ ಐದು ತಿಂಗಳು. ದಿನಾ ಸ್ಕೂಟರಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುತ್ತೇನೆ. ಈ ಹೊಗೆ ಮಗುವಿಗೆ ಒಳ್ಳೆಯದಲ್ಲ, ಈಗಲೇ ಊರಿಗೆ ಬಂದುಬಿಡು ಅಂತ ಅಮ್ಮನ ಒತ್ತಾಯ. ನಾನು ಕುಡಿದ ಹೊಗೆ ಮಗುವಿನ ತನಕ ಹೋಗುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹೋಗುತ್ತದೆ. 2019ರಲ್ಲಿ ಬೆಲ್ಜಿಯಂನ ಹ್ಯಾಸೆಲ್ಟ್ ವಿಶ್ವವಿದ್ಯಾಲಯದವರು ಹೆರಿಗೆಯ ನಂತರ ಬಿದ್ದ ಮಾಸನ್ನು ಪರೀಕ್ಷಿಸಿದರು. ಅದರಲ್ಲಿ ಮಗುವಿನ ಮಗ್ಗುಲಿಗಿರುವ ಭಾಗದಲ್ಲೂ ಮಸಿಯ ಕಣಗಳಿದ್ದವು. 2022ರಲ್ಲಿ ಅದೇ ತಂಡ, ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಜೊತೆ ಸೇರಿ, ಭ್ರೂಣದ ಯಕೃತ್ತು, ಶ್ವಾಸಕೋಶ, ಮಿದುಳಿನಲ್ಲೂ ಅವನ್ನು ಕಂಡಿತು.

ಇವು 2.5 ಮೈಕ್ರಾನಿಗಿಂತ ಸಣ್ಣ ಕಣಗಳು. ಮೂಗಿನ ಕೂದಲು ತಡೆಯುವಂಥವಲ್ಲ. ರಕ್ತಕ್ಕಿಳಿದು ಉರಿಯೂತ ಎಬ್ಬಿಸುತ್ತವೆ, ಮಾಸಿನ ರಕ್ತನಾಳಗಳನ್ನು ಕೆಡಿಸುತ್ತವೆ. ಮಗುವಿಗೆ ಸಿಗುವ ಆಮ್ಲಜನಕ, ಪೋಷಣೆ ಎರಡೂ ಕಡಿಮೆಯಾಗುತ್ತವೆ. ಹಾಗಾಗಿಯೇ ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಗು, 37 ವಾರ ತುಂಬುವ ಮೊದಲೇ ಹೆರಿಗೆ, ಇವುಗಳ ಸಾಧ್ಯತೆ ಹೊಗೆ ಹೆಚ್ಚಿದ್ದಲ್ಲಿ ಹೆಚ್ಚು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಮಾತ್ರ ಅಲ್ಲ.

ಗಾಳಿ ಶುದ್ಧವಾದರೆ ಏನಾಗುತ್ತದೆ ಎಂಬುದಕ್ಕೆ ಬೀಜಿಂಗಿನ ಉದಾಹರಣೆ ನನಗೆ ಬಹಳ ಇಷ್ಟ. 2008ರ ಒಲಿಂಪಿಕ್ಸ್‌ಗೆಂದು ಅಲ್ಲಿ ಕಾರ್ಖಾನೆ ಮುಚ್ಚಿಸಿದರು, ವಾಹನಗಳನ್ನು ದಿನ ಬಿಟ್ಟು ದಿನ ಬಿಟ್ಟರು. ಆ ದಿನಗಳಲ್ಲಿ ಎಂಟನೇ ತಿಂಗಳಲ್ಲಿದ್ದ ತಾಯಂದಿರ ಮಕ್ಕಳು, ಹಿಂದಿನ ಮತ್ತು ಮುಂದಿನ ವರ್ಷ ಅದೇ ದಿನಗಳ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದರು. 23 ಗ್ರಾಂ ಏನು ಮಹಾ ಅನ್ನಬೇಡಿ. ಇಡೀ ನಗರದ ಸರಾಸರಿ ಅಷ್ಟು ಏರಬೇಕಾದರೆ, ಎರಡೂವರೆ ಕೆಜಿಯ ಗಡಿಯಲ್ಲಿದ್ದ ಎಷ್ಟೋ ಕೂಸುಗಳು ಈಚೆ ದಾಟಿರುತ್ತವೆ.

ಇನ್ನು ಊರಿನ ಮಾತು. ಅಡುಗೆಮನೆಗೆ ಗ್ಯಾಸ್ ಬಂದಿದ್ದರೂ ಬಚ್ಚಲಿನ ಹಂಡೆಗೆ ಇವತ್ತಿಗೂ ಸೌದೆಯೇ. ತೆಂಗಿನ ಸೋಗೆ, ಹಸಿ ಕಟ್ಟಿಗೆ, ಬೇಗ ಹತ್ತಲೆಂದು ಮಧ್ಯೆ ತುರುಕಿದ ಪ್ಲಾಸ್ಟಿಕ್ ಕವರು! ಅದರ ಮುಂದೆ ಊದುಗೊಳವೆ ಹಿಡಿದು ಕೂತರೆ ಸಿಲ್ಕ್ ಬೋರ್ಡ್ ಸಿಗ್ನಲ್ಲೇ ವಾಸಿ. ಬಾಣಂತಿ ಕೋಣೆಯದು ಇನ್ನೊಂದು ಕಥೆ: ಕಿಟಕಿ ಮುಚ್ಚಿ, ಮಂಚದಡಿ ಕೆಂಡವಿಟ್ಟು, ಸಾಂಬ್ರಾಣಿ ಹಾಕುತ್ತಾರೆ. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಮ್ಮನ ಕಾಳಜಿ ದೊಡ್ಡದು, ಆದರೆ ಈ ಎರಡು ಪದ್ಧತಿ ಬೇಡ ಅಂತ ಈಗಲೇ ಹೇಳಿಬಿಡಿ.

ಇಷ್ಟಕ್ಕೇ ಕೆಲಸ ಬಿಡಬೇಕಿಲ್ಲ. ಆದಷ್ಟು ಟ್ರಾಫಿಕ್ ಇಲ್ಲದ ಹೊತ್ತಿಗೆ ಹೊರಡಿ, ಒಳದಾರಿ ಇದ್ದರೆ ಹಿಡಿಯಿರಿ. ಮುಖಕ್ಕೆ ಸುತ್ತುವ ದುಪಟ್ಟಾ ಈ ಕಣಗಳನ್ನು ತಡೆಯುವುದಿಲ್ಲ, ಎನ್95 ಮಾಸ್ಕ್ ತಡೆಯುತ್ತದೆ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಹೊರಗೆ ಕಳಿಸಿ, ಸೊಳ್ಳೆ ಬತ್ತಿಯ ಬದಲು ಸೊಳ್ಳೆ ಪರದೆ ಕಟ್ಟಿ. ಉಬ್ಬಸವೋ ಬಿಪಿಯೋ ಇದ್ದರೆ, ಮುಂದಿನ ತಪಾಸಣೆಯಲ್ಲಿ ನಿಮ್ಮ ದಿನನಿತ್ಯದ ದಾರಿಯ ವಿಷಯವನ್ನೂ ವೈದ್ಯರಿಗೆ ತಪ್ಪದೆ ಹೇಳಿ.